ರಕ್ಷಕರ ಪಟ್ಟಿಯಲ್ಲಿ ಮೊದಲ ಹೆಸರು ಯಾರದು?

ಆಮ್‌ಸ್ಟರ್‌ಡ್ಯಾಮಿನ ಪ್ಲಾಂಟಾಜ್ ಮಿಡ್ಡೆನ್‌ಲಾನ್ ಬೀದಿಯಲ್ಲಿ ಹೊಲಾಂಡ್ಸೆ ಸ್ಖೌಬುರ್ಖ್ ಅನ್ನೋ ನಾಟಕಮಂದಿರ ಇತ್ತು. 1942ರ ಬೇಸಿಗೆಯಲ್ಲಿ, ನೆದರ್‌ಲ್ಯಾಂಡ್ಸ್ ದೇಶವನ್ನು ವಶಪಡಿಸಿಕೊಂಡಿದ್ದ ನಾಜಿಗಳು ಅದನ್ನು ಯಹೂದಿಗಳನ್ನು ಕೂಡಿಹಾಕುವ ಜಾಗ ಮಾಡಿಕೊಂಡರು. ಅಲ್ಲಿಂದ ವೆಸ್ಟರ್‌ಬೋರ್ಕ್ ಶಿಬಿರ, ಮುಂದೆ ಆಶ್‌ವಿಟ್ಸ್, ಸೊಬಿಬೋರ್ ಎಂಬ ಸಾವಿನ ಶಿಬಿರಗಳು. ಚಿಕ್ಕ ಮಕ್ಕಳನ್ನು ಮಾತ್ರ ರಸ್ತೆಯಾಚೆಯ ಶಿಶುವಿಹಾರದಲ್ಲಿ ಇಡುತ್ತಿದ್ದರು. ಆ ಶಿಶುವಿಹಾರದಿಂದ ಸುಮಾರು 600 ಮಕ್ಕಳನ್ನು ಗುಟ್ಟಾಗಿ ಪಾರುಮಾಡಲಾಯಿತು.

ಮಗುವನ್ನು ಹೊರಗೆ ಸಾಗಿಸೋದು ಎರಡನೆಯ ಕೆಲಸ. ಮೊದಲನೆಯದು ಲೆಕ್ಕ. ರೈಲಿನ ದಿನ ತಂದೆತಾಯಿಯ ಹೆಸರು ಕೂಗಿದಾಗ ಮಗುವೂ ತಲೆಯೆಣಿಕೆಗೆ ಸಿಗಬೇಕು. ಸಿಗದಿದ್ದರೆ ಹುಡುಕಾಟ, ಇಡೀ ಕುಟುಂಬಕ್ಕೆ ಕಂಟಕ, ಉಳಿದ ಮಕ್ಕಳ ದಾರಿಯೂ ಬಂದ್. ಹಾಗಾಗಿ ನಾಟಕಮಂದಿರದ ಉಸ್ತುವಾರಿ ನೋಡುತ್ತಿದ್ದ ವಾಲ್ಟರ್ ಸ್ಯೂಸ್ಕಿಂಡ್, ಅವರ ಜೊತೆಗಾರ ಫೆಲಿಕ್ಸ್ ಹಾಲ್ವರ್‌ಸ್ಟಾಡ್ ಸೇರಿ ಮಗುವಿನ ಹೆಸರನ್ನೇ ನೋಂದಣಿ ಕಾರ್ಡುಗಳಿಂದ ಇಲ್ಲವಾಗಿಸುತ್ತಿದ್ದರು. ಹಸುಗೂಸಾದರೆ, ಅದರ ಬದಲು ಹೊದಿಕೆ ಸುತ್ತಿದ ಬೊಂಬೆಯೊಂದು ತಾಯಿಯ ತೋಳಿಗೆ.

ಶಿಶುವಿಹಾರದ ಮುಂಬಾಗಿಲಿಗೆ ಎದುರಾಗಿ ಕಾವಲುಗಾರರು. 9ನೇ ನಂಬರಿನ ಟ್ರಾಮ್ ನಡುವೆ ಬಂದು ನಿಂತಾಗ ಮಾತ್ರ ಅವರಿಗೆ ಬಾಗಿಲು ಮರೆ. ಆಗಲೇ ಮಗುವಿನೊಂದಿಗೆ ಹೊರಬಿದ್ದು, ಟ್ರಾಮಿನ ಮಗ್ಗುಲಲ್ಲೇ ಓಡಿ, ಮುಂದಿನ ಸ್ಟಾಪಿನಲ್ಲಿ ಹತ್ತಬೇಕು. ಹಿತ್ತಲಿನಿಂದಲೂ ದಾರಿಯಿತ್ತು. ಪಕ್ಕದ ಟೀಚರ್ಸ್ ಟ್ರೈನಿಂಗ್ ಕಾಲೇಜಿನ ಪ್ರಿನ್ಸಿಪಾಲ್ ಯೋಹಾನ್ ಫಾನ್ ಹುಲ್ಸ್ಟ್, ಬೇಲಿ ಮೇಲಿಂದ ದಾಟಿಸಿದ ಕೂಸುಗಳನ್ನು ಇಸಕೊಂಡು ಕಾಲೇಜಿನಲ್ಲಿ ಬಚ್ಚಿಡುತ್ತಿದ್ದರು. ವಿದ್ಯಾರ್ಥಿಗಳು ಬೆನ್ನುಚೀಲದಲ್ಲೋ ಬಟ್ಟೆಬುಟ್ಟಿಯಲ್ಲೋ ಒಯ್ಯುತ್ತಿದ್ದರು. ಕಪ್ಪುಕೂದಲಿನ ಮಕ್ಕಳು ಹೆಚ್ಚಾಗಿ ದಕ್ಷಿಣದ ಲಿಂಬುರ್ಖ್‌ಗೆ, ಹೊಂಗೂದಲಿನವರು ಉತ್ತರದ ಫ್ರೀಸ್‌ಲಾಂಡ್‌ಗೆ. ಊರಿನ ಮಕ್ಕಳ ನಡುವೆ ಬೇರೆಯಾಗಿ ಕಾಣಬಾರದಲ್ಲ. ಹೊಸ ಹೆಸರು ಬೇಕು, ರೇಷನ್ ಕೂಪನ್ ಬೇಕು, ನೆರೆಯವರು ಕೇಳಿದರೆ ಬಾಂಬಿಗೆ ಸುಟ್ಟುಹೋದ ಊರು ರಾಟರ್‌ಡ್ಯಾಮಿನ ಮಗು ಅನ್ನೋ ಉತ್ತರ ಬೇಕು. ಮಾತು ಬಂದ ಮಗುವಿನದೇ ದೊಡ್ಡ ಭಯ. ತನ್ನ ನಿಜವಾದ ಹೆಸರು ಬಾಯಿಬಿಟ್ಟರೆ ಸಾಕಿದವರೂ ಸಿಕ್ಕಿಬೀಳುತ್ತಾರೆ.

ನಾಜಿ ನರಮೇಧದ ನೆನಪು ಕಾಯುವ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ರಕ್ಷಕರಿಗೆ ಕೊಡುವ ಗೌರವ ಯಹೂದಿಗಳಲ್ಲದವರಿಗೆ ಮಾತ್ರ. ಫಾನ್ ಹುಲ್ಸ್ಟ್ ಅವರಿಗೆ ಅದು ಸಂದದ್ದು ನ್ಯಾಯವೇ. ಆದರೆ ಶಿಶುವಿಹಾರ ನಡೆಸಿದ ಹೆನ್ರಿಯೆಟ್ಟೆ ಪಿಮೆಂಟೆಲ್ ಯಹೂದಿ, ಸ್ಯೂಸ್ಕಿಂಡ್ ಯಹೂದಿ, ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿಯರೂ ಯಹೂದಿಗಳು. ನಾಳೆ ತಾವೇ ಆ ರೈಲು ಹತ್ತಬೇಕಾಗಬಹುದು ಅಂತ ಗೊತ್ತಿದ್ದೂ ಕೆಲಸ ಬಿಡಲಿಲ್ಲ. ಮಂದಿರದೊಳಗೆ ಹೋಗಿ, ಮಗುವನ್ನು ನಮಗೆ ಕೊಡ್ತೀರಾ ಅಂತ ತಾಯಂದಿರನ್ನು ಕೇಳುವ ಕೆಲಸ ಈ ಎಳೆಯ ಹುಡುಗಿಯರ ಪಾಲಿಗೆ ಬಂದಿತ್ತು. ಯಾರ ಮನೆಗೆ, ಯಾವ ಊರಿಗೆ ಅಂತ ಹೇಳುವಂತಿರಲಿಲ್ಲ. ಆಗಲ್ಲ ಅಂದವರೂ ಇದ್ದರು. ಅವರನ್ನು ಯಾರೂ ದೂರಬಾರದು. ಹೂಂ ಅಂದ ತಾಯಿ ಬೊಂಬೆ ಎತ್ತಿಕೊಂಡು ಹೊರಟಳು. ರಕ್ಷಕರ ಪಟ್ಟಿ ಬರೆಯೋದಾದರೆ ನಾನು ಅವಳಿಂದ ಶುರುಮಾಡುತ್ತೇನೆ.

ಪಿಮೆಂಟೆಲ್ ಅವರನ್ನು 1943ರ ಜುಲೈನಲ್ಲಿ ಹಿಡಿದು, ಸೆಪ್ಟೆಂಬರಿನಲ್ಲಿ ಆಶ್‌ವಿಟ್ಸ್‌ನಲ್ಲಿ ಕೊಂದರು. ಅದೇ ತಿಂಗಳ ಕೊನೆಗೆ ಶಿಶುವಿಹಾರ ಮುಚ್ಚಿತು. ಮುಚ್ಚುವ ಮುನ್ನ, ಉಳಿದಿದ್ದ ಮಕ್ಕಳಲ್ಲಿ ಫಾನ್ ಹುಲ್ಸ್ಟ್ ಕರೆದೊಯ್ಯಲಾಗಿದ್ದು 12 ಮಕ್ಕಳನ್ನು. ಆರಿಸಬೇಕಾದವರು ಅವರೇ. 2018ರಲ್ಲಿ, 107ನೇ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲೇ ಬಿಟ್ಟುಬಂದ ಮಕ್ಕಳ ಯೋಚನೆ ಅವರನ್ನು ಬಿಟ್ಟಿರಲಿಲ್ಲ.