ಗೊಣಗುವ ಸಿನಿಮಾ

ಸರ್ಕಾರಿ ನೌಕರಿಯ ಪರೀಕ್ಷೆ ಮತ್ತೆ ಮುಂದಕ್ಕೆ ಹೋಗಿದೆ. ಯಾವ ಪರೀಕ್ಷೆ ಎಂದು ಕಲಬುರಗಿಯಲ್ಲಿ ಯಾರೂ ಕೇಳುವುದಿಲ್ಲ. ಸುದ್ದಿ ಬಂದ ದಿನವೇ ಬೆಂಗಳೂರಿನ ಅಳಿಯ ಒಂದು ಅಮೆರಿಕನ್ ಸಿನಿಮಾ ಕಳಿಸಿ, ‘ಮಾಮಾ, ತಪ್ಪದೆ ನೋಡಿ, ಇದರಲ್ಲಿ ಏನೂ ನಡೆಯುವುದಿಲ್ಲ’ ಎಂದು ಬರೆದ. ಶಿಫಾರಸು ಎಂದರೆ ಹೀಗಿರಬೇಕು.

ಸಿನಿಮಾ ‘ಫನ್ನಿ ಹಾ ಹಾ’, 2002ರದ್ದು. ಬಾಸ್ಟನ್ನಿನಲ್ಲಿ ಕಾಲೇಜು ಮುಗಿಸಿದ ಹುಡುಗಿ ತಾತ್ಕಾಲಿಕ ಕೆಲಸಕ್ಕೆ ಹೋಗುತ್ತಾಳೆ, ಕುಡಿಯುತ್ತಾಳೆ, ಒಲ್ಲದವನನ್ನು ಪ್ರೀತಿಸುತ್ತಾಳೆ, ಇನ್ನು ಮುಂದೆ ಏನೇನು ಮಾಡಬೇಕೆಂದು ಪಟ್ಟಿ ಬರೆಯುತ್ತಾಳೆ. ಎಲ್ಲರೂ ಮಾತನ್ನು ಅರ್ಧಕ್ಕೇ ನುಂಗುತ್ತಾರೆ. 2005ರಲ್ಲಿ ಧ್ವನಿ ಸಂಕಲನಕಾರನೊಬ್ಬ ತಮಾಷೆಗೆ ಆಡಿದ ‘ಮಂಬಲ್‌ಕೋರ್’ ಎಂಬ ಮಾತೇ ಇಂಥ ಚಿತ್ರಗಳಿಗೆ ಹೆಸರಾಯಿತು. ಗೊಣಗುವ ಸಿನಿಮಾ ಎನ್ನೋಣ. ನನಗೂ ಹಿಡಿಸಿತು, ಸುಳ್ಳೇಕೆ?

ಆದರೆ ನಮ್ಮ ಮಾಳಿಗೆಯ ತಗಡಿನ ಕೋಣೆಯಲ್ಲಿ ಇದೇ ಚಿತ್ರ ಐದು ವರ್ಷದಿಂದ ಓಡುತ್ತಿದೆ. ನಾಯಕ ಯಾದಗಿರಿ ಕಡೆಯವನು. ಮೇ ತಿಂಗಳಲ್ಲಿ ತಲೆಗೆ ಹಸಿ ಟವೆಲ್ ಸುತ್ತಿಕೊಂಡು ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲು ಕೊಟ್ಟ ಸಂವಿಧಾನದ 371(ಜೆ) ವಿಧಿಯನ್ನು ಬಾಯಿಪಾಠ ಮಾಡುತ್ತಾನೆ. ಹುದ್ದೆ ಮೀಸಲಿದೆ, ಅಧಿಸೂಚನೆ ಬರುವುದೊಂದೇ ಬಾಕಿ. ಗೋಡೆಯ ಮೇಲೆ ಅವನದೂ ಒಂದು ಪಟ್ಟಿ. ‘ಬೆಳಿಗ್ಗೆ 4: ಏಳುವುದು.’ ಆ ನಾಲ್ಕಕ್ಕೆ ವೈಟ್ನರ್ ಬಳಿದು ಐದು ಮಾಡಿದ್ದಾನೆ, ಐದರ ಮೇಲೆ ಮತ್ತೆ ಬಳಿದು ಆರು. ಸಂಜೆ ಕಲಬುರಗಿಯ ಅಪ್ಪನ ಕೆರೆಯ ದಂಡೆಯಲ್ಲಿ ಸುಸಲಾ, ಮಿರ್ಚಿ. ಊರಿನಿಂದ ತಂದೆಯ ಫೋನು ಬಂದರೆ, ‘ಹೂಂ ಅಪ್ಪಾ, ಈ ಸಲ...’ ಎಂದು ಅಷ್ಟಕ್ಕೇ ನಿಲ್ಲಿಸುತ್ತಾನೆ. ಬಾಸ್ಟನ್ನಿನವರು ಈ ಅಭಿನಯವನ್ನು ಕಲಿಯಲು ಇಲ್ಲಿಗೇ ಬರಬೇಕು.

ಅಷ್ಟೇಕೆ, ಗೊಣಗುವುದರಲ್ಲಿ ನಾವು ಅಮೆರಿಕವನ್ನು ಎಂದೋ ಹಿಂದೆ ಹಾಕಿದ್ದೇವೆ. 2023ರ ಅಕ್ಟೋಬರಿನಲ್ಲಿ ಕಲಬುರಗಿ, ಯಾದಗಿರಿಯ ಪರೀಕ್ಷಾ ಕೇಂದ್ರಗಳ ಬ್ಲೂಟೂತ್ ಪ್ರದರ್ಶನ ನೆನಪಿದೆಯಲ್ಲ? ಪ್ರೇಕ್ಷಕನೊಬ್ಬನೇ, ಕಿವಿಯೊಳಗೇ ಚಿತ್ರಮಂದಿರ. ಸಂಭಾಷಣೆ ಒಂದಕ್ಷರವೂ ನುಂಗದಷ್ಟು ಸ್ಪಷ್ಟ: ಎ, ಸಿ, ಸಿ, ಡಿ.

545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಿಗೆ ಬಂದದ್ದು ನಮ್ಮೂರಿನದೇ ಕೇಂದ್ರದಿಂದ. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕದಿಯದೆ ಬರೆದವನು ಎರಡು ವರ್ಷ ಮೂರು ತಿಂಗಳು ಕಾದ. ಆ ದಿನಗಳಿಗೆ ಬಾಡಿಗೆ ಕಟ್ಟಿದ್ದು ಅವನ ಮನೆಯವರು. ಇದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ.

ಮೊನ್ನೆ ರಾತ್ರಿ ಹುಡುಗನನ್ನು ಕೆಳಗೆ ಕರೆದು ಸಿನಿಮಾ ತೋರಿಸಿದೆ. ಕೊನೆಯವರೆಗೂ ಮಾತಾಡದೆ ನೋಡಿದ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ: ‘ಕಾಕಾ, ಆಕೆ ಆ ಕೆಲಸಕ್ಕೆ ಅರ್ಜಿ ಶುಲ್ಕ ಎಷ್ಟು ಕಟ್ಟಿದ್ದಳು?’