ಪಾಟೀಲರೆಲ್ಲ ಒಂದೇ ಮನೆತನವೇ?

'ಪಾಟೀಲರೆಲ್ಲ ಒಂದೇ ವಂಶ, ಮಹಾರಾಷ್ಟ್ರದಿಂದ ಬಂದವರು' ಅನ್ನೋ ಮೆಸೇಜು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಹಾಗೇನಿಲ್ಲ. ಪಾಟೀಲ ಅನ್ನೋದು ಊರ ಮುಖ್ಯಸ್ಥನ ಹುದ್ದೆ. ಅಪ್ಪನಿಂದ ಮಗನಿಗೆ ಬರುತ್ತಾ ಬರುತ್ತಾ ಅಡ್ಡಹೆಸರಾಯಿತು. ಹಾಗಾಗಿ ಲಿಂಗಾಯತರು, ಮರಾಠರು, ಜೈನರು, ಮುಸ್ಲಿಮರು ಎಲ್ಲರಲ್ಲೂ ಪಾಟೀಲರಿದ್ದಾರೆ.

ಕೊಪ್ಪಳ, ರಾಯಚೂರು ಕಡೆಯ ಮದುವೆ ಕಾರ್ಡು ನೋಡಿ. ಕೆಲವರು ಮಾಲಿಪಾಟೀಲ, ಕೆಲವರು ಪೊಲೀಸ್ ಪಾಟೀಲ. 'ಮಾಲಿ' ಅಂದ ಕೂಡಲೇ ತೋಟ, ಹೂವು ನೆನಪಾಗುತ್ತೆ ಅಲ್ವಾ? ಇಲ್ಲಿ ಅದಲ್ಲ. ನಿಜಾಮರ ಕಾಲದಲ್ಲಿ ಕಂದಾಯಕ್ಕೆ 'ಮಾಲ್' ಎನ್ನುತ್ತಿದ್ದರು. ಕಂದಾಯ ವಸೂಲಿ ಮಾಡುವವನು ಮಾಲಿಪಾಟೀಲ, ಊರ ಕಾವಲು-ಜಗಳ ನೋಡಿಕೊಳ್ಳುವವನು ಪೊಲೀಸ್ ಪಾಟೀಲ.

1961ರ ಕಾಯ್ದೆ ಈ ವಂಶಪಾರಂಪರ್ಯ ಹುದ್ದೆಗಳನ್ನೇ ತೆಗೆದುಹಾಕಿತು. ಹೆಸರು ಮಾತ್ರ ರೇಷನ್ ಕಾರ್ಡಿನಲ್ಲಿ ಉಳಿದಿದೆ.