ವಾಗ್ದಾನದ ಕಾರ್ಡಿನಲ್ಲಿ ಇಲ್ಲದ ವಚನ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಎಷ್ಟೋ ಕ್ರೈಸ್ತ ಸಭೆಗಳಲ್ಲಿ ವಾಗ್ದಾನದ ಕಾರ್ಡ್ ಕೊಡುತ್ತಾರೆ, ಹೊಸ ವರ್ಷಕ್ಕೆ ದೇವರ ಮಾತು ಅಂತ ಒಂದು ಬೈಬಲ್ ವಚನ ಅಚ್ಚು ಹಾಕಿರೋದು, ನೋಡಿರುತ್ತೀರಿ. ತಟ್ಟೆಯಲ್ಲಿ ಮಗುಚಿ ಇಟ್ಟಿರುತ್ತಾರೆ, ಕಣ್ಣುಮುಚ್ಚಿ ಒಂದು ಎತ್ತಿಕೊಳ್ಳಬೇಕು. ಮನೆಯಲ್ಲಿ ಒಬ್ಬರಿಗಾದರೂ ಯೆರೆಮೀಯ 29:11 ಬಂದೇ ಬರುತ್ತೆ. ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಆಲೋಚನೆ, ಕೇಡಿನದಲ್ಲ ಅಂತ ದೇವರು ಹೇಳುವ ಮಾತು. ಕ್ಯಾಲೆಂಡರ್, ಕಾರಿನ ಗಾಜು, ಎಲ್ಲ ಕಡೆ ಅದೇ.

ಆ ವಚನದ ಮೇಲೆ ನನಗೇನೂ ಸಿಟ್ಟಿಲ್ಲ. ಅದರ ಹಿಂದಿನ 10ನೇ ವಚನವನ್ನು ಯಾರೂ ಅಚ್ಚು ಹಾಕಿಸಲ್ಲ ಅನ್ನೋದೇ ತಕರಾರು. ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ ಅಂತಿದೆ ಅಲ್ಲಿ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಯಾಗಿ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದ ಪತ್ರ ಅದು. ಅದನ್ನು ಕೇಳಿಸಿಕೊಂಡವನಿಗೆ ಆಗ 30 ವರ್ಷ ಅಂತಿಟ್ಟುಕೊಳ್ಳಿ, ಅವನು ಮತ್ತೆ ಊರಿನ ಮುಖ ನೋಡುತ್ತಾನಾ? ಅದಕ್ಕೇ ಪತ್ರದಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ ಅಂತ ಬರೆದಿದೆ. ಸೆರೆ ಒಯ್ದವರ ಪಟ್ಟಣದ ಕ್ಷೇಮಕ್ಕೂ ಪ್ರಾರ್ಥಿಸಬೇಕಂತೆ. ಇತ್ತ ಯೆರೂಸಲೇಮಿನ ದೇವಾಲಯದಲ್ಲಿ ಹನನ್ಯ ಅನ್ನೋ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತೆ ಅಂತ ಜನರೆದುರು ಸಾರಿದ್ದ. ಯೆರೆಮೀಯನೂ ಮೊದಲು 'ಆಮೆನ್, ಹಾಗೇ ಆಗಲಿ' ಅಂದುಬಿಟ್ಟ. ಅವನಿಗೂ ಆಸೆ ಇರಲ್ವಾ, ಪಾಪ! ಆದರೆ ಹನನ್ಯ ಹೇಳಿದ್ದು ಸುಳ್ಳು.

ಈಗಲೂ ಮೈಕ್ ಜಾಸ್ತಿ ಸಿಗೋದು ಹನನ್ಯರಿಗೇ.

ನಮ್ಮ ಚಿಕ್ಕಮ್ಮನಿಗೆ ಕ್ಯಾನ್ಸರ್ ಆದಾಗ ಪ್ರಾರ್ಥನೆಗೆ ಅಂತ ಬಂದವರೊಬ್ಬರು, 'ನಂಬಿಕೆ ಎಲ್ಲೋ ಕಮ್ಮಿ ಆಗಿದೆ ಅಕ್ಕ, ಅದಕ್ಕೇ ವಾಸಿ ಆಗ್ತಿಲ್ಲ' ಅಂದುಬಿಟ್ಟರು. ಕೀಮೋ ಮುಗಿಸಿ ಬಂದು ಗಂಜಿಯೂ ಸೇರದೆ ಮಲಗಿದ್ದವರಿಗೆ ಹೇಳೋ ಮಾತಾ ಇದು? ನನಗೆ ಮೈ ಉರಿದುಹೋಯಿತು. ಚಿಕ್ಕಮ್ಮ ಮಾತ್ರ ಅದೇ ತಿಂಗಳು ಬೀದಿಯವರ ಹೊಸ ಚೀಟಿಗೆ ಹೆಸರು ಬರೆಸಿದರು. 20 ತಿಂಗಳ ಚೀಟಿ! 'ಯಾಕೆ ಚಿಕ್ಕಮ್ಮ ಈಗ?' ಅಂದರೆ, 'ನಾನಿಲ್ಲದಿದ್ರೆ ಸೊಸೆ ಎತ್ತಲಿ ಬಿಡೋ, ದುಡ್ಡಿಗೇನು ಕ್ಯಾನ್ಸರ್ ಬಂದಿದೆಯಾ?' ಅಂದರು. ಕೊನೆಗೆ ಸೊಸೆಯೇ ಎತ್ತಿದಳು.

ಕ್ರಿಸ್ತನಲ್ಲಿ ನಾವು ನಿರೀಕ್ಷೆ ಇಟ್ಟಿರೋದು ಈ ಬದುಕಿಗಷ್ಟೇ ಆದರೆ ನಮಗಿಂತ ನಿರ್ಭಾಗ್ಯರು ಯಾರೂ ಇಲ್ಲ ಅಂತ ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ. ಆ ಮಾತು ನಮ್ಮಲ್ಲಿ ಸಮಾಧಿ ಹತ್ತಿರ ಕೇಳಿಸಿದಷ್ಟು ಭಾನುವಾರ ಕೇಳಿಸಲ್ಲ. ಭಾನುವಾರವೆಲ್ಲ ವೀಸಾ, ಸೈಟು, ಪ್ರಮೋಷನ್ನು. ಕೇಳಬಾರದು ಅಂತಲ್ಲ, ನಾನೂ ಕೇಳುತ್ತೇನೆ. ಆದರೆ ಅದು ಸಿಗದಿದ್ದರೆ ಕುಸಿದು ಬೀಳುವುದನ್ನು ನಿರೀಕ್ಷೆ ಅನ್ನಬೇಡಿ.

ಯೆರೆಮೀಯನ ವಿಷಯಕ್ಕೇ ಬರೋಣ, 32ನೇ ಅಧ್ಯಾಯ ನನಗೆ ತುಂಬ ಇಷ್ಟ. ಯೆರೂಸಲೇಮಿಗೆ ಬಾಬೆಲಿನವರ ಮುತ್ತಿಗೆ, ಇವನು ಕಾವಲಿನಲ್ಲಿ ಸೆರೆ. ಚಿಕ್ಕಪ್ಪನ ಮಗ ಹನಮೇಲ ಬಂದು, ನಮ್ಮೂರು ಅನಾತೋತಿನಲ್ಲಿರೋ ನನ್ನ ಹೊಲ ಕೊಂಡುಕೋ ಅಂತಾನೆ. ಶತ್ರು ದೇಶವನ್ನೇ ನುಂಗುತ್ತಿರುವಾಗ ಹೊಲ! ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿ ಹಾಕಿಸಿ, ಕ್ರಯಪತ್ರಕ್ಕೆ ಮುದ್ರೆ ಒತ್ತಿ, ಬಹುಕಾಲ ಉಳಿಯಲಿ ಅಂತ ತನ್ನ ಬರಹಗಾರ ಬಾರೂಕನ ಕೈಲಿ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಎಲ್ಲ ಮುಗಿದ ಮೇಲೆ ದೇವರ ಹತ್ತಿರ ಗೋಳು: ಮುತ್ತಿಗೆಯ ದಿಬ್ಬ ಗೋಡೆ ತನಕ ಬಂದಿದೆ, ನೀನು ನೋಡಿದರೆ ಹೊಲ ಕೊಂಡುಕೋ ಅಂತೀಯಲ್ಲ! ಅನುಮಾನ ಎಲ್ಲೂ ಹೋಗಿರಲಿಲ್ಲ, ಆದರೂ ದುಡ್ಡು ಕೊಟ್ಟಾಗಿತ್ತು.

ಊರು ಬಿತ್ತು. ಯೆರೆಮೀಯನನ್ನು ಸ್ವಂತ ಜನರೇ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಎಳೆದುಕೊಂಡು ಹೋದರು. ಅವನು ಆ ಹೊಲ ಉತ್ತ ಅಂತ ಬೈಬಲಿನಲ್ಲಿ ಎಲ್ಲೂ ಇಲ್ಲ. ಆದರೆ ಎಜ್ರನ ಪುಸ್ತಕದ ಎರಡನೇ ಅಧ್ಯಾಯದಲ್ಲಿ, ಸೆರೆಯಿಂದ ವಾಪಸ್ ಬಂದವರ ಪಟ್ಟಿ ಇದೆಯಲ್ಲ, ಓದುವಾಗ ನಾವೆಲ್ಲ ಹಾರಿಸಿಬಿಡೋ ಆ ಉದ್ದನೆ ಪಟ್ಟಿ, ಅದರ 23ನೇ ವಚನ ನೋಡಿ. ಅನಾತೋತಿನವರು 128 ಮಂದಿ.